ಹಿಮ್ಮೇಳ ಇಲ್ಲದ ದಿನ ಧೀಂಗಿಣ ಅಭ್ಯಾಸ: ನನ್ನ ಅನುಭವ

"ಕಣ್ಣು ಮುಚ್ಚಿ ನಿಂತರೆ ಧೀಂಗಿಣ ಬರ್ತದಾ ಮಾರಾಯ್ರೆ?" ಎಂದು ಕೇಳಿದವರಿಗೆ ಈ ಮಳೆಗಾಲ ಉತ್ತರ ಕೊಟ್ಟಾಯಿತು. ಧೀಂಗಿಣ ಎಂದರೆ ಯಕ್ಷಗಾನದಲ್ಲಿ ಸುತ್ತುತ್ತ ಹಾರುವ ಕುಣಿತ. ಅದನ್ನು ಮೈಯಲ್ಲೂ ಕಣ್ಣು ಮುಚ್ಚಿ ಮನಸ್ಸಿನಲ್ಲೂ ಅಭ್ಯಾಸ ಮಾಡಿದ ಕಥೆ ಇದು. ಪತ್ತನಾಜೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ 10 ವಾರ, ಪುಂಡುವೇಷಕ್ಕೆ (ಚುರುಕು ಕುಣಿತದ ಎಳೆಯ ವೀರರ ಪಾತ್ರ) ತಯಾರಾಗುವ 6 ಮಂದಿ ಹವ್ಯಾಸಿಗಳು, ಎಲ್ಲರೂ ಮಂಗಳೂರಿನಲ್ಲಿ ಹಗಲು ಕೆಲಸಕ್ಕೆ ಹೋಗುವವರು. ಶುರುವಿಗೆ 7-8 ಸುತ್ತಿಗೇ ದಮ್ಮು ಕಟ್ಟುತ್ತಿತ್ತು. ಕೊನೆಗೆ 18ರ ಹತ್ತಿರ ಬಂತು, ಇಬ್ಬರು 20 ದಾಟಿದರು. ಅದಕ್ಕಿಂತ ದೊಡ್ಡದು, ಮುಕ್ತಾಯಕ್ಕೆ (ಕುಣಿತ ಮುಗಿಸುವ ಕೊನೆಯ ಪೆಟ್ಟುಗಳಿಗೆ) ಕಾಲು ತಪ್ಪದೆ ಬಿತ್ತು.

ಮೊದಲು ದುಡ್ಡಿನ ಮಾತು. ಹಿಮ್ಮೇಳ, ಅಂದರೆ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಒಂದು ಸಂಜೆಗೆ ಸುಮಾರು 3,500 ರೂಪಾಯಿ. ವಾರಕ್ಕೊಮ್ಮೆ ಕರೆಸಿದರೂ 35,000. ಈ ಸಲ ಕರೆಸಿದ್ದು 4 ಸಂಜೆ ಮಾತ್ರ. ಮೊದಲ ಸಂಜೆಯೇ ನಿಧಾನ, ಮಧ್ಯಮ, ದ್ರುತ ಮೂರೂ ಕಾಲದಲ್ಲಿ (ವೇಗದಲ್ಲಿ) ಬಿಡ್ತಿಗೆ (ಹಾಡಿನ ನಡುವೆ ಕುಣಿತಕ್ಕೆ ಬಾರಿಸುವ ತುಂಡು), ಮುಕ್ತಾಯ ಸಮೇತ ಮೊಬೈಲಿಗೆ ರೆಕಾರ್ಡ್ ಮಾಡಿಕೊಂಡೆವು. ಉಳಿದ ದಿನಗಳಿಗೆ ಅದೇ ಹಿಮ್ಮೇಳ. ಹೀಗೆ ಉಳಿದ ದುಡ್ಡಿನಲ್ಲಿ ಒಂದು ಪಾಲು ದಂಡವೂ ಆಯಿತು. 2,600 ಕೊಟ್ಟು ತಂದ ತೆಂಗಿನ ನಾರಿನ ಹಾಸಿಗೆಯಲ್ಲಿ ಪಾದ ಹೂತು ಹಿಮ್ಮಡಿಗಂಟು ಹೊರಳಿತು. ಕಾಲಿಗೆ ಕಟ್ಟುವ ಒಂದೊಂದು ಕಿಲೋ ಭಾರ, ಜೋಡಿಗೆ 900. ಕಟ್ಟಿ ಹಾರಿದರೆ ಹಾರುವ ಲಯವೇ ಬೇರೆ, ಬಿಚ್ಚಿದ ಮೇಲೆ ತಾಳಕ್ಕಿಂತ ಮುಂಚೆ ಕಾಲು ಇಳಿಯುತ್ತದೆ. ಈಗ ಅವು ಮ್ಯಾಟಿನ ಮೂಲೆ ಏಳದಂತೆ ಒತ್ತಿಡಲು ಆಗುತ್ತವೆ. ಕೊನೆಗೆ ನಿಂತದ್ದು 25 ಮಿಲಿಮೀಟರ್ ದಪ್ಪದ, ಬೆರಳಲ್ಲಿ ಒತ್ತಿದರೆ ತಗ್ಗದ ಗಟ್ಟಿ ರಬ್ಬರ್ ಮ್ಯಾಟ್. ಬೇಸಿಗೆಯಲ್ಲಾದರೆ ಸೆಗಣಿ ಸಾರಿಸಿದ ಅಂಗಳವೇ ಸಾಕು.

ಕಾಲಿನ ಕೆಲಸ ವಾರಕ್ಕೆ 4 ದಿನ, 25 ನಿಮಿಷ. ಅರೆಮಂಡಿಯಲ್ಲಿ (ಮಂಡಿ ಅರ್ಧ ಬಗ್ಗಿಸಿ) 40 ಸೆಕೆಂಡು ನಿಲ್ಲುವುದು 4 ಸಲ, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ 3 ಸಲ, ಹಗ್ಗದಾಟ 40 ಸೆಕೆಂಡಿನ 6 ಸುತ್ತು. ಮೊದಲ ವಾರ ದಿನಕ್ಕೆ 100 ಬಸ್ಕಿ, ಅದರ ಮೇಲೆ ಸಿಮೆಂಟ್ ನೆಲದಲ್ಲಿ ಹಾರಾಟ ಇಟ್ಟದ್ದು ನನ್ನದೇ ತಪ್ಪು. ಮೂವರಿಗೆ ಮಂಡಿಯ ಕೆಳಗೆ ಕಾಲಿನ ಮುಂಭಾಗದ ಎಲುಬು ನೋಯತೊಡಗಿ 9 ದಿನ ಹೋಯಿತು.

ಎಲ್ಲಕ್ಕಿಂತ ಫಲ ಕೊಟ್ಟದ್ದು ಇಳಿಯುವ ಅಭ್ಯಾಸ. ಒಂದಡಿಗಿಂತ ಕಡಿಮೆ ಎತ್ತರದ ಮೆಟ್ಟಿಲಿನಿಂದ ಹಾರಿ ಇಳಿಯಬೇಕು. ಮೊದಲು ಮುಂಪಾದ, ಆಮೇಲೆ ಹಿಮ್ಮಡಿ, ಮಂಡಿ ಎರಡನೇ ಬೆರಳಿನ ನೇರಕ್ಕೇ ಬಗ್ಗಬೇಕು. ಕಿವಿಯೇ ಪರೀಕ್ಷಕ: "ಥಪ್" ಎಂದರೆ ಸರಿ, "ದಡ್" ಎಂದರೆ ಪೆಟ್ಟು ಮಂಡಿಗೆ. ಮಂಡಿ ಒಳಕ್ಕೆ ವಾಲಿದರೆ ಅವತ್ತಿಗೆ ನಿಲ್ಲಿಸಿಬಿಡಿ.

ಇನ್ನು ಮನಸ್ಸಿನ ಅಭ್ಯಾಸ, ಅಂದರೆ ಹಾರದೆ ಮನಸ್ಸಿನಲ್ಲೇ ಕುಣಿಯುವುದು. ಮಲಗಿ ಮಾಡಿಸಿದ್ದು ಕೆಟ್ಟಿತು, ಐದನೇ ನಿಮಿಷಕ್ಕೆ ಇಬ್ಬರ ಗೊರಕೆ. ಹಿರಿಯ ವೇಷಧಾರಿಗಳ ವಿಡಿಯೊ ನೋಡಿ ಅದನ್ನೇ ನೆನೆಸಿಕೊಳ್ಳುವುದೂ ಹೆಚ್ಚು ದಕ್ಕಲಿಲ್ಲ. ಅದು ಪ್ರೇಕ್ಷಕನ ನೋಟ. ಪಾದಕ್ಕೆ ನೆಲ ತಾಗುವುದು, ಉಸಿರು ಬಿಡುವುದು ಅದರಲ್ಲಿ ಇಲ್ಲ. ಕೆಲಸ ಮಾಡಿದ್ದು ಹೀಗೆ: ವ್ಯಾಯಾಮ ಮುಗಿದ 10 ನಿಮಿಷದೊಳಗೆ ಗೆಜ್ಜೆ ಕಟ್ಟಿ ಅರೆಮಂಡಿಗೆ ಬಂದು ನಿಲ್ಲಬೇಕು, ರೆಕಾರ್ಡ್ ಹಾಕಬೇಕು, ಬಾಯಿತಾಳ (ಬಾಯಲ್ಲಿ ಹೇಳುವ ತಾಳದ ಸೊಲ್ಲು) ತುಟಿಯಲ್ಲೇ ಹೇಳುತ್ತ ಒಳಗಿನಿಂದ ಒಂದೊಂದು ಸುತ್ತನ್ನೂ ಕುಣಿಯಬೇಕು. 5 ಸಲ, ಒಟ್ಟು 12 ನಿಮಿಷ. 20 ನಿಮಿಷ ದಾಟಿದರೆ ಮನಸ್ಸು ಆಫೀಸಿಗೋ ಮೀನಿನ ಸಾರಿಗೋ ಹೋಗಿರುತ್ತದೆ.

ರೆಕಾರ್ಡ್ ನಿಲ್ಲಿಸಿ ಗಡಿಯಾರ ಹಿಡಿದರೆ ಕಳ್ಳತನ ಗೊತ್ತಾಗುತ್ತದೆ. ಮೈಯಲ್ಲಿ 8 ಸುತ್ತಿಗೆ 14 ಸೆಕೆಂಡು ಬೇಕಾದವನು ಮನಸ್ಸಿನಲ್ಲಿ 9ಕ್ಕೇ ಮುಗಿಸಿದರೆ, ಇಳಿಯುವುದನ್ನು ಬಿಟ್ಟುಬಿಟ್ಟಿದ್ದಾನೆ ಎಂದೇ ಲೆಕ್ಕ. ಮನಸ್ಸಿನಲ್ಲಿ ಎಡವಿದರೆ ಅಲ್ಲೇ ನಿಲ್ಲಿಸಿ ನಿಧಾನ ಕಾಲಕ್ಕೆ ಇಳಿಯಬೇಕು, ಇಲ್ಲವಾದರೆ ಎಡವಿದ್ದೇ ರೂಢಿಯಾಗುತ್ತದೆ. ಒಮ್ಮೆಯೂ ಮೈಯಲ್ಲಿ ಹಾಕದ ಹೆಜ್ಜೆ ಇದರಿಂದ ಬರುವುದಿಲ್ಲ. ಇಳಿಯುವ ಕ್ಷಣಕ್ಕೆ ಬಾಯಿತಾಳದ ಯಾವ ಸೊಲ್ಲು ಜೋಡಿಸುವುದು, ತಲೆ ತಿರುಗದಂತೆ ಕಣ್ಣು ಎಲ್ಲಿಡುವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ನನ್ನ ಬಳಿ ಇರಲಿ.

ಮೊದಲ 3 ವಾರ ಮೂವರಿಗೆ ವ್ಯಾಯಾಮ ಮಾತ್ರ, ಮೂವರಿಗೆ ಮನಸ್ಸಿನದ್ದು ಮಾತ್ರ ಕೊಟ್ಟು ನೋಡಿದ್ದೆ. ವ್ಯಾಯಾಮದವರಿಗೆ ದಮ್ಮು ಬಂತು, ಮುಕ್ತಾಯ ತಪ್ಪಿತು. ಮನಸ್ಸಿನವರ ತಾಳ ಕರಾರುವಾಕ್ಕು, ಆದರೆ ಎಂಟನೇ ಸುತ್ತಿಗೆ ಏದುಸಿರು. ಆರು ಜನರ ಲೆಕ್ಕಕ್ಕೆ ಎಷ್ಟು ಬೆಲೆ ಎನ್ನುವವರಿಗೆ 1992ರಲ್ಲಿ ಯೂ ಮತ್ತು ಕೋಲ್ ಎಂಬ ಸಂಶೋಧಕರು ಪ್ರಕಟಿಸಿದ ಕಿರುಬೆರಳಿನ ಪ್ರಯೋಗ ಇದೆ: ನಿಜವಾಗಿ ಬಲ ಹಾಕಿದವರ ಶಕ್ತಿ ಶೇ. 30 ಏರಿತು, ಬಲ ಹಾಕಿದಂತೆ ಬರೇ ಕಲ್ಪಿಸಿಕೊಂಡವರದ್ದು ಶೇ. 22. ಮಿದುಳಿನಿಂದ ಸ್ನಾಯುವಿಗೆ ಹೋಗುವ ಆಜ್ಞೆ ಗಟ್ಟಿಯಾಗುವುದು ಅದಕ್ಕೆ ಕಾರಣ ಎಂದು ಅವರ ಅಂದಾಜು. ಆದರೆ ಶ್ವಾಸಕೋಶಕ್ಕೆ ಕಲ್ಪನೆ ಸಾಲದು, ಅದಕ್ಕೆ ಹಗ್ಗದಾಟವೇ ಆಗಬೇಕು.

ನಡುವೆ ಅರ್ಥಗಾರಿಕೆಗೂ (ಪಾತ್ರದ ಮಾತುಗಾರಿಕೆ) ಒಂದು ಕೈ ನೋಡಿದೆವು. ಪಣಂಬೂರು ಕಡಲ ತೀರದ ಮರಳಲ್ಲಿ 25 ನಿಮಿಷ ಬಿರುಸಾಗಿ ನಡೆದು, ಆಮೇಲೆ ಕೂತು ಬಾಯಿಪಾಠ. ಅಭಿಮನ್ಯುವಿನ ಅರ್ಥ ಮರುದಿನಕ್ಕೂ ನಿಂತಿತು. ನಡೆಯುತ್ತಲೇ ಓದಿದ್ದು ನಿಲ್ಲಲಿಲ್ಲ, ಮಳೆ ಬಂದು ಹಾಳೆ ಒದ್ದೆಯಾದದ್ದು ಬೇರೆ.

ಆಟದ (ಪ್ರದರ್ಶನದ) ದಿನ ಕುಚ್ಚಲಕ್ಕಿ ಊಟ ಎರಡೂವರೆ ಗಂಟೆ ಮುಂಚೆ ಮುಗಿಯಬೇಕು. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಆದ ಮೇಲೆ ಹಾರಿ ನೋಡುವುದು ಬೇಡ. ಗೆಜ್ಜೆ ಕಟ್ಟಿ ನಿಂತು ಮನಸ್ಸಿನಲ್ಲಿ ಒಂದೇ ಒಂದು ಸಲ, ದ್ರುತ ಕಾಲದಲ್ಲಿ, ಮುಕ್ತಾಯದವರೆಗೆ.