ಜಿಲೇಬಿ ಬಣ್ಣ, ಪಂಪು ಮತ್ತು ನಮ್ಮೂರ ಕಾಲುವೆ

ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಅಂತಾರೆ. ಎಣ್ಣಿ ಹೊಡೆಯೋದು, ಎಣ್ಣಿ ಅಂಗಡಿ, ಎಣ್ಣಿ ಡಬ್ಬಿ. ‘ವಿಷ’ ಎಂಬ ಮಾತು ಯಾರ ಬಾಯಲ್ಲೂ ಬರಲ್ಲ. ಕಾಲುವೆಗೆ ಎಣ್ಣಿ ಸೇರಿಸಬೇಡಿ ಅಂತ ಹೇಳಲು ಕರೆದ ಮೊದಲ ಸಭೆಯಲ್ಲಿ ನಾನು ಆ ಪದವನ್ನು ಹತ್ತು ಸಲವಾದರೂ ಹೇಳಿರಬೇಕು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಪ್ರೊಜೆಕ್ಟರ್ ಇಟ್ಟು, ಸತ್ತ ಮೀನಿನ ಚಿತ್ರ ತೋರಿಸಿ, ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಹಿರಿಯರೊಬ್ಬರು ಎದ್ದು, “ಸರ, ಜಿಗಿಹುಳ ಬಿದ್ದು ಗದ್ದಿ ಸುಟ್ಟಂಗಾದ್ರ ನೀವು ಬಂದು ಸಾಲ ತೀರಿಸ್ತೀರೇನು?” ಅಂದರು. ಸಭೆ ಮುಗಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಊರು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರ. ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆಯ ಕೊನೆ ಭಾಗ. ಕೊನೆ ಭಾಗ ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಗದ್ದೆಯಿಂದ ಬಸಿದ ನೀರು ಹೊಲಗಾಲುವೆ, ಹಳ್ಳ ಸೇರಿ ನಮ್ಮ ಗದ್ದೆಗೆ ಬರುತ್ತದೆ. ಬೇಸಿಗೆಗೆ ಅಂತ ಕುಡಿಯುವ ನೀರಿನ ಕೆರೆ ತುಂಬಿಸುವುದೂ ಕಾಲುವೆ ನೀರಿನಿಂದಲೇ. ನನಗೂ ಮೂರು ಎಕರೆ ಗದ್ದೆ ಇದೆ. ನಾನೂ ವರ್ಷಗಟ್ಟಲೆ ಎಣ್ಣಿ ಹೊಡೆಯುವ ಪಂಪನ್ನು ಕಾಲುವೆಯಲ್ಲೇ ತೊಳೆದವನು. ಈ ಮಾತನ್ನು ಮೊದಲ ಸಭೆಯಲ್ಲೇ ಹೇಳಿದ್ದರೆ ಚೆನ್ನಾಗಿತ್ತು.

ಸಭೆ ಕೆಟ್ಟ ಮೇಲೆ ನನಗೆ ಹೊಳೆದದ್ದು ನೀರಿನ ಪರೀಕ್ಷೆ. ರುಜುವಾತು ಕೊಟ್ಟರೆ ನಂಬುತ್ತಾರೆ ಅಂದುಕೊಂಡೆ. ಪಂಚಾಯಿತಿಯಲ್ಲಿ ಜಲಜೀವನ್ ಮಿಷನ್ನಿನ ಪರೀಕ್ಷಾ ಪೆಟ್ಟಿಗೆ ಇತ್ತು. ಅದರಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಕಬ್ಬಿಣ ಎಲ್ಲ ನೋಡಬಹುದು, ಆದರೆ ಕೀಟನಾಶಕ ಗೊತ್ತಾಗಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಂಥ ಯಂತ್ರ ಇರುವ ದೊಡ್ಡ ಪ್ರಯೋಗಾಲಯವೇ ಬೇಕು. ಸ್ನೇಹಿತರೆಲ್ಲ ದುಡ್ಡು ಹಾಕಿ ಒಂದು ಮಾದರಿ ಕಳಿಸಿದೆವು. ವರದಿ ಬಂತು: ಪತ್ತೆಯಾಗಿಲ್ಲ. ಊರಲ್ಲಿ ಎಲ್ಲರೂ ನಕ್ಕರು.

ತಪ್ಪು ನನ್ನದೇ. ನೀರು ಹಿಡಿದಿದ್ದು ನಾಟಿಗೂ ಮುಂಚೆ, ಕಾಲುವೆ ತುಂಬಿ ಹರಿಯುವಾಗ, ಅದೂ ಪ್ಲಾಸ್ಟಿಕ್ ಬಾಟಲಿಯಲ್ಲಿ. ಕೆಲವು ಕೀಟನಾಶಕ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತವೆ. ಕಂದು ಗಾಜಿನ ಬಾಟಲಿ ಬೇಕು, ಮಂಜುಗಡ್ಡೆಯಲ್ಲಿಟ್ಟು ಬೇಗ ಮುಟ್ಟಿಸಬೇಕು. ಅದಕ್ಕಿಂತ ಮುಖ್ಯ, ಎಣ್ಣಿ ನೀರಿನಲ್ಲಿ ದಿನವೂ ಒಂದೇ ಸಮ ಇರುವುದಿಲ್ಲ. ಹೊಡೆದ ದಿನ, ಅದರ ಮರುದಿನದ ಮಳೆಗೆ ಒಮ್ಮೆಲೇ ಬಂದು ಹೋಗುತ್ತದೆ. ಯಾರಾದರೂ ಒಂದೇ ಮಾದರಿ ಕಳಿಸಿ ‘ನಮ್ಮ ನೀರು ಶುದ್ಧ’ ಅಂದರೆ ನಾನು ಈಗ ಮೊದಲು ತಾರೀಖು ಕೇಳುತ್ತೇನೆ.

ಆ ಹೊತ್ತಿಗೆ ಪಂಜಾಬಿನ ಕ್ಯಾನ್ಸರ್ ರೈಲಿನ (ಅಲ್ಲಿನ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ಹೋಗುವ ರೈಲು) ವಿಡಿಯೊ ನಮ್ಮ ಗ್ರೂಪುಗಳಲ್ಲೆಲ್ಲ ಓಡಾಡುತ್ತಿತ್ತು. ಅದನ್ನೇ ತೋರಿಸಿ ಅಂತ ಹುಡುಗರು ಹಟ ಹಿಡಿದರು. ನಾನು ಬೇಡ ಅಂದೆ. ನಮ್ಮೂರಲ್ಲಿ ಯಾರಿಗೆ ಯಾಕೆ ಕಾಯಿಲೆ ಬಂತು ಅಂತ ಹೇಳಲು ನಾನು ಡಾಕ್ಟರಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಹತ್ತು ನಿಜವೂ ಹೋಯಿತು, ಅಲ್ವಾ?

ದಾರಿ ಸಿಕ್ಕಿದ್ದು ಮಿಠಾಯಿ ಅಂಗಡಿಯಲ್ಲಿ. ಜಿಲೇಬಿಗೆ ಹಾಕುವ ಬಣ್ಣ ಒಂದು ಪೊಟ್ಟಣ ತಂದೆ. ಹೊಸ ಪಂಪು ಎರವಲು ಪಡೆದು ಬಣ್ಣದ ನೀರು ತುಂಬಿದೆವು. ಗದ್ದೆ ಬದುವಿನಾಚೆ ಬಿಳಿ ಪಂಚೆಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿದೆವು. ಮಧ್ಯಾಹ್ನದ ಗಾಳಿಯಲ್ಲಿ ಒಬ್ಬ ಹೊಡೆಯುತ್ತ ಹೋದ. ಪಂಚೆ ಮೇಲೆ ಕೆಂಪು ಚುಕ್ಕೆ. ಹೊಡೆದವನ ಬೆನ್ನು, ಕಾಲು, ಕಿವಿಯೆಲ್ಲ ಕೆಂಪು. ಜನ ನಗುತ್ತ ನೋಡಿದರು. ಅದು ಸಾಲದು ಅಂತ ಹೊಲಗಾಲುವೆಯಲ್ಲಿ ಪಂಪು ತೊಳೆದು ತೋರಿಸಿದೆವು. ಕೆಂಪು ನೀರು ಉದ್ದಕ್ಕೆ ಎಳೆದುಕೊಂಡು ಹೋಗಿ, ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಾಲಿಗೆ ಮುಟ್ಟಿತು. ಆಗ ಯಾರೂ ನಗಲಿಲ್ಲ.

ಒಬ್ಬ ಜಾಣ ಮಾತ್ರ ಬಿಡಲಿಲ್ಲ. “ಸರ, ಮುಂದ ಬಣ್ಣ ಮಾಯ ಆತಲ್ಲ. ಹಂಗ ಎಣ್ಣಿನೂ ಮಾಯ ಆಕ್ಕೈತಿ.” ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಕ್ಕಿದ್ದು ಒಂಬತ್ತನೇ ತರಗತಿಯ ಕರಿಹಲಗೆ ಮೇಲೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ 30 ಮೈಕ್ರೋಗ್ರಾಂಗಿಂತ ಜಾಸ್ತಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಇರಬಾರದು. ಅಂಗಡಿಯಲ್ಲಿ ಸಿಗುವ 20 ಇಸಿ, ಅಂದರೆ ಶೇ 20ರ, ಬಾಟಲಿಯ ಒಂದು ಮಿಲಿಯಲ್ಲಿ ಹೆಚ್ಚುಕಡಿಮೆ 0.2 ಗ್ರಾಂ ಇರುತ್ತದೆ. ಅಂದರೆ 2 ಲಕ್ಷ ಮೈಕ್ರೋಗ್ರಾಂ. ಮಕ್ಕಳು 30ರಿಂದ ಭಾಗಿಸಿದರು. 6,600 ಲೀಟರಿಗೂ ಸ್ವಲ್ಪ ಜಾಸ್ತಿ ಬಂತು. ನಮ್ಮೂರ ನೀರಿನ ಟ್ಯಾಂಕು 50 ಸಾವಿರ ಲೀಟರಿನದು. ಇಡೀ ಟ್ಯಾಂಕು ಆ ಗೆರೆ ಮುಟ್ಟಲು ಏಳೆಂಟು ಮಿಲಿ ಸಾಕು. ಖಾಲಿ ಅಂತ ಎಸೆದ ಒಂದೆರಡು ಬಾಟಲಿಗಳ ತಳದಲ್ಲೇ ಅಷ್ಟು ಉಳಿದಿರಬಹುದು.

ಒಬ್ಬ ಹುಡುಗಿ ಎದ್ದು, ಕಾಲುವೆ ಟ್ಯಾಂಕಿನ ಹಾಗೆ ನಿಂತ ನೀರಲ್ಲವಲ್ಲ ಅಂದಳು. ನಿಜ. ಕ್ಲೋರ್‌ಪೈರಿಫಾಸ್ ಕೆಸರಿಗೆ ಅಂಟುತ್ತದೆ, ಬರಬರುತ್ತ ಒಡೆದೂ ಹೋಗುತ್ತದೆ. ಲೆಕ್ಕ ಇದ್ದದ್ದು ‘ಇಷ್ಟೇ ಇಷ್ಟು’ ಎಂಬ ಮಾತನ್ನು ಅಳೆಯಲು, ನಮ್ಮ ನೀರಲ್ಲಿ ಇಷ್ಟು ಇದೆ ಅಂತ ಹೇಳಲು ಅಲ್ಲ. ಇದನ್ನೂ ಹಲಗೆ ಮೇಲೆ ಬರೆಸಿದೆ. ಮಕ್ಕಳು ಲೆಕ್ಕವನ್ನು ಮನೆಗೆ ಒಯ್ದರು. ನನ್ನ ಮುಕ್ಕಾಲು ಗಂಟೆ ಭಾಷಣ ತಟ್ಟದ ಕಡೆ ಅದು ತಟ್ಟಿತು.

ಆದರೂ ಕೆಲಸ ನಿಜವಾಗಿ ಮುಂದಕ್ಕೆ ಹೋಗಿದ್ದು ಬಟ್ಟೆ ಒಗೆಯುವ ಹೆಂಗಸರಿಂದ. ಮರುವಾರ ಯಾರೋ ಅಲ್ಲಿ ಪಂಪು ತೊಳೆಯಲು ಹೋದಾಗ ಅಜ್ಜಿಯೊಬ್ಬರು ತಡೆದು, “ಯಪ್ಪಾ, ನಿನ್ನ ಕೆಂಪು ನೀರು ನಿಮ್ಮನಿ ಬಚ್ಚಲಕ್ಕ ಒಯ್ಯಿ” ಅಂದರಂತೆ. ಅದರಲ್ಲಿ ಬಣ್ಣವೇ ಇರಲಿಲ್ಲ! ಅವನು ಸಿಟ್ಟಿನಿಂದ ನನ್ನ ಹತ್ತಿರ ಬಂದ. “ಹಂಗಾರ ಎಲ್ಲಿ ತೊಳೀಬೇಕು, ನೀವಾ ಹೇಳ್ರಿ.” ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಬೇಡ ಅನ್ನುವುದನ್ನಷ್ಟೇ ಕಲಿಸಿದ್ದೆ.

ಹಾಗಾಗಿ ಜಾಗ ಹುಡುಕಿದೆವು. ಕಾಲುವೆಯಿಂದ ದೂರ, ಬೋರಿಲ್ಲದ ಕಡೆ, ಹುಲ್ಲು ಬೆಳೆದ ಒಂದು ಬೀಳು ತುಂಡು. ಅಲ್ಲಿ ನಲ್ಲಿ ಹಾಕಿದ ಡ್ರಮ್ ಇಟ್ಟೆವು. ಬಾಟಲಿ ಖಾಲಿಯಾದ ತಕ್ಷಣ ಮೂರು ಸಲ ನೀರು ಹಾಕಿ ಅಲುಗಾಡಿಸಿ, ಆ ನೀರನ್ನು ಪಂಪಿಗೇ ಸುರಿದು ಗದ್ದೆಗೇ ಹೊಡೆಯುವುದು. “ದುಡ್ಡು ಕೊಟ್ಟು ತಂದ ಎಣ್ಣಿ ಯಾಕೆ ಬಾಟಲಿಯಲ್ಲಿ ಬಿಡ್ತೀರಿ?” ಅಂದಾಗ ಯಾರೂ ವಾದ ಮಾಡಲಿಲ್ಲ. ಹರಳು ಔಷಧಿ ಹಾಕಿದ ಗದ್ದೆಯ ನೀರನ್ನು ಒಂದು ವಾರ ಹೊರಗೆ ಬಿಡದೆ ಬದು ಕಟ್ಟಿ ಹಿಡಿಯುವುದೂ ನಿಯಮವಾಯಿತು. ಅದನ್ನು ಎಲ್ಲರೂ ಪಾಲಿಸುವುದಿಲ್ಲ. ಜೋರು ಮಳೆ ಬಂದರೆ ನನಗೂ ಆಗುವುದಿಲ್ಲ.

ತ್ರಿಕೋನದ ಪಾಠ ಇನ್ನೂ ಕಷ್ಟ. ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಎಲ್ಲರಿಗೂ ಗೊತ್ತು. ಹಸಿರು ಅಂದರೆ ಏನೂ ಆಗಲ್ಲ ಅಂತ ತಿಳಿದಿದ್ದಾರೆ. ಆ ಬಣ್ಣ ಹೇಳುವುದು ನಮ್ಮ ಮೈಗೆ ಎಷ್ಟು ವಿಷ ಅನ್ನುವುದನ್ನು. ಮೀನು, ಏಡಿ ಆ ಲೆಕ್ಕದಲ್ಲಿ ಬರುವುದಿಲ್ಲ. ಕಾಂಡ ಕೊರಕಕ್ಕೆ ಹಾಕುವ ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಇರುವುದು ಹಸಿರು ತ್ರಿಕೋನವೇ. ಆದರೆ ನೀರಿನ ಸಣ್ಣ ಹುಳಗಳಿಗೆ ಅದು ಭಾರೀ ವಿಷ. ಇದನ್ನು ಹೇಗೆ ತೋರಿಸಬೇಕು ಅಂತ ನನಗೆ ಇನ್ನೂ ಹೊಳೆದಿಲ್ಲ. ಜಿಲೇಬಿ ಬಣ್ಣ ಇಲ್ಲಿ ನಡೆಯುವುದಿಲ್ಲ.

ಖಾಲಿ ಬಾಟಲಿಗಳದ್ದು ಬೇರೆಯೇ ಗೋಳು. ಮಕ್ಕಳು ದಂಡೆ ಮೇಲೆ ನಿಂತು ಎಣಿಸಿ ಬರೆದುಕೊಂಡರು, ಮುಟ್ಟಲು ಬಿಡಲಿಲ್ಲ. ದೊಡ್ಡವರು ಗ್ಲೌಸ್ ಹಾಕಿ ಆರಿಸಿದರು. ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದ ಕೀಟನಾಶಕ ಮೊನೊಕ್ರೊಟೊಫಾಸ್ 36 ಎಸ್‌ಎಲ್‌ನ ಬಾಟಲಿಗಳೂ ಇದ್ದವು. ಹಳೆಯವೋ ಏನೋ, ಚೀಟಿಯ ಮೇಲೆ ತಾರೀಖು ಅಳಿಸಿತ್ತು. ತುಂಬಿದ ಚೀಲಗಳನ್ನು ವಾಪಸು ತೆಗೆದುಕೊಳ್ಳಿ ಅಂತ ಅಂಗಡಿಯವರನ್ನು ಕೇಳಿದೆವು. “ಕಂಪನಿಯವ್ರು ಒಯ್ದ್ರ ನಾನೂ ಇಟ್ಕೊಂತೀನಿ” ಅಂದರು. ಯಾರೂ ಒಯ್ಯಲಿಲ್ಲ. ಚೀಲಗಳು ಬೀಗ ಹಾಕಿದ ಒಂದು ಶೆಡ್ಡಿನಲ್ಲಿವೆ.

ಡ್ರಮ್ಮಿನ ನಲ್ಲಿ ಮೊನ್ನೆ ಮುರಿದಿದೆ. ಯಾರು ಮುರಿದರು ಅಂತ ಎರಡು ದಿನ ಜಗಳವಾಯಿತು. ನಮ್ಮ ಡ್ರಮ್ಮು ಅಂತ ಜಗಳ ಮಾಡುವ ಮಟ್ಟಕ್ಕೆ ಬಂದರಲ್ಲ ಅಂತ ನನಗೆ ಒಳಗೊಳಗೇ ಖುಷಿ. ಸುಮ್ನೆ ಕೇಳಿಸಿಕೊಂಡೆ. ಕಾರಟಗಿಗೆ ಹೋದಾಗ ಹೊಸ ನಲ್ಲಿ ತರಬೇಕು, ಈ ಸಲ ಹಿತ್ತಾಳೆಯದು.