ಲೋನ್ ಬೇಕಾ ಅಂತ ಬರುವ ಕರೆಗಳಿಗೆ ಒಂದು ದಾರಿ

ಅನ್ನಕ್ಕೆ ಕೈ ಹಾಕಿರುತ್ತೇವೆ, ಆಗಲೇ ಫೋನು. 'ಸರ್, ಪರ್ಸನಲ್ ಲೋನ್...' ರೇಗಿ ಹೋಗುತ್ತೆ ಅಲ್ವಾ? ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದು ನಂಬರಿನಿಂದ ಬರುತ್ತೆ. ಸುಮ್ನೆ ಬ್ಲಾಕ್ ಮಾಡುತ್ತಾ ಕೂರಬೇಡಿ, ದೂರು ಕೊಡಿ.

ಮೊದಲು ನಿಮ್ಮ ಸಿಮ್‌ನಿಂದಲೇ 1909ಕ್ಕೆ ಕರೆ ಮಾಡಿ ಡಿಎನ್‌ಡಿ ಹಾಕಿಸಿ, ಅಂದರೆ ಮಾರಾಟದ ಕರೆ ಬೇಡ ಅಂತ ನೋಂದಾಯಿಸಿ. ದುಡ್ಡು ಕೊಡಬೇಕಿಲ್ಲ. ಬ್ಯಾಂಕಿನ ಒಟಿಪಿ ನಿಲ್ಲುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ನಿಲ್ಲಲ್ಲ, ಬರುತ್ತಲೇ ಇರುತ್ತೆ.

ಆಮೇಲೂ ಕರೆ ಬಂದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಆ ನಂಬರ್, ತಾರೀಖು, ಏನು ಮಾರಲು ಬಂದರು ಅನ್ನೋದನ್ನು ಬರೆದು ಕಳಿಸಿ. ಕರೆ ಬಂದ ಮೇಲೆ ದೂರು ಕೊಡಲು ಮೊದಲು ಮೂರೇ ದಿನ ಅವಕಾಶ ಇತ್ತು. 2025ರ ಫೆಬ್ರವರಿಯ ನಿಯಮ ತಿದ್ದುಪಡಿಯಲ್ಲಿ ಅದನ್ನು 7 ದಿನ ಮಾಡಿದ್ದಾರೆ. ನನ್ನ ಪ್ರಕಾರ ಇದು ತುಂಬಾ ಒಳ್ಳೆಯ ಬದಲಾವಣೆ, ಕೆಲಸದ ನಡುವೆ ಯಾರಿಗೆ ತಕ್ಷಣ ಪುರುಸೊತ್ತು ಇರುತ್ತೆ ಹೇಳಿ?

ಮನೆಯ ಹಿರಿಯರಿಗೆ ಇದನ್ನು ತಪ್ಪದೆ ಹೇಳಿಕೊಡಿ: 140ರಿಂದ ಶುರುವಾದರೆ ಅದು ಮಾರಾಟದ ಕರೆ. ಬ್ಯಾಂಕುಗಳ ಸೇವಾ ಕರೆಗಳಿಗೆ 1600 ಸರಣಿ ಇದೆ. ಮಾಮೂಲಿ ಹತ್ತಂಕಿ ನಂಬರಿನಿಂದ 'ಬ್ಯಾಂಕಿನವರು' ಮಾತಾಡಿದರೆ ಕರೆ ಕಟ್ ಮಾಡಲಿ. ಒಟಿಪಿಯನ್ನಂತೂ ಯಾರಿಗೂ ಹೇಳಬಾರದು. ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.