ಗ್ಯಾಲರಿಯಲ್ಲಿ ಕೂತೇ ಬ್ಯಾಸ್ಕೆಟ್‌ಬಾಲ್ ಫೋಟೊ ತೆಗೆಯುವುದು ಹೇಗೆ?

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಪತ್ರಿಕೆಯ ಫೋಟೊಗ್ರಾಫರ್‌ಗಳು ರಿಂಗ್‌ನ ಹಿಂದೆ, ನೆಲದ ಮೇಲೆ ಚಕ್ಕಲಮಕ್ಕಲ ಹಾಕಿಕೊಂಡು ಕೂತಿರುತ್ತಾರೆ. ಗ್ಯಾಲರಿಯಲ್ಲಿ ಕ್ಯಾಮೆರಾ ಹಿಡಿದು ಕೂತವರಿಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ನನಗೂ ಇತ್ತು. ಅವರಂಥದ್ದೇ ಫೋಟೊ ಬೇಕು ಅಂತ ಹಟ ಹಿಡಿದು ನನ್ನ ಮೊದಲ ಪಂದ್ಯದಲ್ಲಿ ಆರುನೂರಕ್ಕೂ ಜಾಸ್ತಿ ಕ್ಲಿಕ್ ಮಾಡಿದ್ದೆ. ಮನೆಗೆ ಬಂದು ನೋಡಿದರೆ ಆಟಗಾರರೆಲ್ಲ ಮಸುಕು. ಚೆನ್ನಾಗಿ ಬಂದಿದ್ದು ಮುಂದಿನ ಸಾಲಿನವರ ತಲೆ ಮಾತ್ರ.

ತಪ್ಪು ಎಲ್ಲಿತ್ತು ಅಂತ ಗೊತ್ತಾಗಲು ಇನ್ನೂ ನಾಲ್ಕೈದು ಪಂದ್ಯ ಬೇಕಾಯಿತು. ನೆಲದಲ್ಲಿ ಕೂತವರಿಗೆ ಸಿಗುವ ಫೋಟೊ ನಮಗೆ ಸಿಗುವುದಿಲ್ಲ, ನಿಜ. ಆದರೆ ನಮಗೆ ಸಿಗುವುದು ಅವರಿಗೂ ಸಿಗುವುದಿಲ್ಲ. ರಿಂಗ್‌ಗೆ ಬಡಿದು ವಾಪಸ್ ಬರುವ ಚೆಂಡಿಗಾಗಿ (ಅದೇ ರಿಬೌಂಡ್) ನಾಲ್ಕೈದು ಜನ ಒಟ್ಟಿಗೆ ಹಾರುತ್ತಾರಲ್ಲ, ಆಗ ಎಲ್ಲರ ಮುಖವೂ ಮೇಲಕ್ಕೆ ಎತ್ತಿರುತ್ತದೆ. ಕೆಳಗಿಂದ ತೆಗೆದರೆ ಗದ್ದ, ಮೂಗಿನ ಹೊಳ್ಳೆ ಕಾಣುತ್ತವೆ. ಗ್ಯಾಲರಿಯಿಂದ ತೆಗೆದರೆ ಕಣ್ಣು ಕಾಣುತ್ತವೆ. ಈ ಲೇಖನದಲ್ಲಿ ಹೇಳುವುದೆಲ್ಲ ಆ ಕಣ್ಣುಗಳನ್ನು ಹಿಡಿಯುವ ಬಗ್ಗೆಯೇ.

ಕೆಲಸ ಶುರುವಾಗುವುದು ಟಿಕೆಟ್‌ನಿಂದ

ಕ್ಯಾಮೆರಾ ಆಮೇಲೆ, ಸೀಟು ಮೊದಲು. ಕೋರ್ಟ್‌ಗೆ ಹತ್ತಿರ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ತೀರಾ ಮುಂದಿನ ಸಾಲುಗಳಲ್ಲಿ ಅಂಪೈರ್, ಬೆಂಚಿನಿಂದ ಎದ್ದು ನಿಂತ ಆಟಗಾರರು, ಓಡಾಡುವ ಸಿಬ್ಬಂದಿ ಎಲ್ಲರೂ ಅಡ್ಡ ಬರುತ್ತಾರೆ. ರಿಂಗ್ ನೆಲದಿಂದ 10 ಅಡಿ, ಅಂದರೆ 3.05 ಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಕಣ್ಣು ಆ ಎತ್ತರದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು. ಪ್ರತಿ ಸಾಲು ಸುಮಾರು ಒಂದು ಅಡಿ ಏರುತ್ತದೆ ಅಂತ ಇಟ್ಟುಕೊಂಡರೆ, ಎಂಟರಿಂದ ಹದಿನೈದನೇ ಸಾಲಿನ ಆಸುಪಾಸು ನನ್ನ ಆಯ್ಕೆ. ಅಲ್ಲಿಂದ ನೋಡಿದರೆ ಆಟಗಾರನ ಹಿಂದೆ ಕಾಣುವುದು ಹೆಚ್ಚಾಗಿ ಮರದ ನೆಲ. ಕೆಳಗಿನ ಸೀಟಿನಲ್ಲಿ ಕೂತರೆ ಹಿಂದೆ ಎದುರಿನ ಗ್ಯಾಲರಿಯ ಜನ, ಜಾಹೀರಾತು ಬೋರ್ಡು, ಎಲ್ಲ ಕಲಸುಮೇಲೋಗರ.

ಯಾವ ದಿಕ್ಕು? ಮೂಲೆ. ಎಂಡ್ ಲೈನ್ ಮತ್ತು ಸೈಡ್ ಲೈನ್ ಸೇರುವ ಕಡೆ. ಸರಿಯಾಗಿ ರಿಂಗ್‌ನ ಹಿಂದೆ ಕೂತರೆ ಗಾಜಿನ ಬೋರ್ಡು, ಅದನ್ನು ಹೊತ್ತ ಕಂಬ, ಬಲೆ ಮೂರೂ ಅಡ್ಡ. ಮಧ್ಯದ ಗೆರೆಯ ಬಳಿ ಕೂತರೆ ಆಟ ನೋಡಲು ಸ್ವರ್ಗ, ಆದರೆ ಕ್ಯಾಮೆರಾಗೆ ಬರೀ ಪಕ್ಕದ ಮುಖ. ಮೂಲೆಯಲ್ಲಾದರೆ ಆಟಗಾರ ರಿಂಗ್ ಕಡೆ ಓಡಿ ಬರುವುದೂ ಕಾಣುತ್ತದೆ, ಹಾರುವುದೂ ಕಾಣುತ್ತದೆ. ಅರ್ಧ ಆಟ ಮುಗಿದ ಮೇಲೆ ತಂಡಗಳು ರಿಂಗ್ ಬದಲಾಯಿಸಿಕೊಳ್ಳುತ್ತವೆ. ಹಾಗಾಗಿ ನಿಮ್ಮ ಮೆಚ್ಚಿನ ತಂಡ ಮೊದಲರ್ಧದಲ್ಲಿ ದೂರದ ರಿಂಗ್‌ಗೆ ಆಡುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಟಿಕೆಟ್ ಕೊಳ್ಳುವ ಮೊದಲು ಕ್ರೀಡಾಂಗಣದ ಕ್ಯಾಮೆರಾ ನಿಯಮ ಓದಿ. ಲೆನ್ಸ್ ಇಷ್ಟು ಇಂಚಿಗಿಂತ ಉದ್ದ ಇರಬಾರದು ಅನ್ನುವ ಕಡೆಗಳಿವೆ. ಲೆನ್ಸ್ ಬಿಚ್ಚಿ ಹಾಕುವಂಥ ಕ್ಯಾಮೆರಾವನ್ನೇ ಬಿಡದ ಕಡೆಗಳೂ ಇವೆ. ಟ್ರೈಪಾಡ್, ಮೋನೊಪಾಡ್ ಹೆಚ್ಚಿನ ಕಡೆ ನಿಷಿದ್ಧ. ಒಮ್ಮೆ ದೊಡ್ಡ ಜೂಮ್ ಲೆನ್ಸ್ ಹೊತ್ತುಕೊಂಡು ಹೋಗಿ ಗೇಟಿನಲ್ಲಿ ವಾದ ಮಾಡಿ ನಿಂತೆ. ವಾದ ಮುಗಿಯುವಷ್ಟರಲ್ಲಿ ಮೊದಲ ಕ್ವಾರ್ಟರ್ ಮುಗಿದಿತ್ತು. ಈಗ ನಿಯಮದ ಪುಟವನ್ನು ಫೋನಿನಲ್ಲಿ ಉಳಿಸಿಕೊಂಡೇ ಹೊರಡುತ್ತೇನೆ.

ಸಣ್ಣ ಲೆನ್ಸ್ ಸಾಕಾಗುತ್ತದೆ

ಲೆನ್ಸ್ ವಿಷಯದಲ್ಲಿ ಉದ್ದಕ್ಕಿಂತ ಬೆಳಕು ಮುಖ್ಯ. ಕ್ಯಾಮೆರಾ ಜೊತೆ ಬರುವ ಜೂಮ್ ಲೆನ್ಸ್ ಪೂರ್ತಿ ಚಾಚಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸಾಮಾನ್ಯವಾಗಿ ಎಫ್ 5.6ಕ್ಕೆ ಇಳಿದಿರುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಎಫ್ 2.8 ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್ 1.8 ಆದರೆ ಹೆಚ್ಚುಕಮ್ಮಿ ಹತ್ತು ಪಟ್ಟು. 70–200 ಮಿ.ಮೀ. ಎಫ್ 2.8 ಜೂಮ್ ಇದ್ದು, ಒಳಗೆ ಬಿಟ್ಟರೆ ಅದೃಷ್ಟ. ಅದು ದುಬಾರಿ, ಭಾರ, ಮೇಲಾಗಿ ಗೇಟಿನವರ ಕಣ್ಣಿಗೆ ಮೊದಲು ಬೀಳುವುದೂ ಅದೇ. ನನ್ನ ಮಟ್ಟಿಗೆ 85 ಮಿ.ಮೀ. ಎಫ್ 1.8 ಲೆನ್ಸ್ ಗ್ಯಾಲರಿಯ ರಾಜ. ಚಿಕ್ಕದು, ಹಗುರ, ಯಾರೂ ತಿರುಗಿ ನೋಡುವುದಿಲ್ಲ.

ಅದು ಸಾಕಾಗುತ್ತದಾ? ಲೆಕ್ಕ ಹಾಕಿ ನೋಡೋಣ. ಹತ್ತಿರದ ರಿಂಗ್ ನಿಮ್ಮಿಂದ 15 ಮೀಟರ್ ದೂರ ಇದೆ ಅಂದುಕೊಳ್ಳಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಗೆ ಹಾಕಿದ 85 ಮಿ.ಮೀ. ಲೆನ್ಸ್ ಅಷ್ಟು ದೂರದಲ್ಲಿ ಸುಮಾರು 6 ಮೀಟರ್ ಅಗಲ, 4 ಮೀಟರ್ ಎತ್ತರದ ಜಾಗ ಹಿಡಿಯುತ್ತದೆ. ನೆಲದಿಂದ ರಿಂಗ್‌ವರೆಗೆ ಎಲ್ಲ ಒಳಗೆ ಬಂತು, ಅಲ್ವಾ? ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ನ ಕ್ಯಾಮೆರಾದಲ್ಲಿ ಅದೇ ಲೆನ್ಸ್ 4 ಮೀಟರ್ ಅಗಲಕ್ಕೆ ಇಳಿಯುತ್ತದೆ. ಒಬ್ಬಿಬ್ಬರನ್ನು ತುಂಬಿಕೊಳ್ಳಲು ಅಷ್ಟೇ ಬೇಕು. ಇನ್ನು ಎದುರು ತುದಿಯ ರಿಂಗ್. ಕೋರ್ಟ್‌ನ ಉದ್ದವೇ 28 ಮೀಟರ್. ಅಲ್ಲಿ ನಡೆಯುವುದನ್ನು ದೊಡ್ಡದಾಗಿ ಹಿಡಿಯುವ ಆಸೆ ಬಿಟ್ಟುಬಿಡಿ. ಆಟ ಆ ತುದಿಗೆ ಹೋದಾಗ ನಾನು ಕ್ಯಾಮೆರಾ ಕೆಳಗಿಟ್ಟು ಪಂದ್ಯ ನೋಡುತ್ತೇನೆ. ಕೈಗೂ ವಿಶ್ರಾಂತಿ, ಟಿಕೆಟ್ಟಿಗೂ ನ್ಯಾಯ.

ಆಟೊ ಮೋಡ್‌ನಿಂದ ಹೊರಗೆ ಬನ್ನಿ

ಕೋರ್ಟ್ ಮೇಲಿನ ಬೆಳಕು ಆಟದುದ್ದಕ್ಕೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬದಲಾಗುವುದು ಜೆರ್ಸಿಯ ಬಣ್ಣ ಮತ್ತು ಹಿನ್ನೆಲೆ. ಬಿಳಿ ಜೆರ್ಸಿ ಫ್ರೇಮಿಗೆ ಬಂದರೆ ಆಟೊ ಮೋಡ್ ಫೋಟೊವನ್ನು ಕಪ್ಪಾಗಿಸುತ್ತದೆ. ಕತ್ತಲೆ ಗ್ಯಾಲರಿ ಬಂದರೆ ಮುಖಗಳನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಆದ್ದರಿಂದ ಮ್ಯಾನುಯಲ್, ಅಂದರೆ ಸೆಟ್ಟಿಂಗ್ ಎಲ್ಲ ನಿಮ್ಮ ಕೈಯಲ್ಲೇ. ಒಮ್ಮೆ ಸರಿಮಾಡಿಕೊಂಡರೆ ಮತ್ತೆ ಮುಟ್ಟಬೇಕಿಲ್ಲ.

ಮೊದಲು ಶಟರ್ ಸ್ಪೀಡ್. ಜೋರಾಗಿ ಓಡುವ ಆಟಗಾರ ಸೆಕೆಂಡಿಗೆ 7 ಮೀಟರ್ ಹೋಗುತ್ತಾನೆ ಅಂದುಕೊಳ್ಳಿ. 1/125 ಸೆಕೆಂಡ್ ಶಟರ್ ತೆರೆದಿರುವಷ್ಟು ಹೊತ್ತಿಗೆ ಅವನು ಐದೂವರೆ ಸೆಂಟಿಮೀಟರ್ ಸರಿದಿರುತ್ತಾನೆ. ಮುಖ ಮಸುಕಾಗಲು ಇನ್ನೇನು ಬೇಕು? 1/500ರಲ್ಲಿ ಅದು ಒಂದೂವರೆ ಸೆಂಟಿಮೀಟರ್‌ಗೂ ಕಡಿಮೆ. 1/1000ರಲ್ಲಿ ಇನ್ನೂ ಅರ್ಧ. 1/640ರಿಂದ 1/1000ದ ನಡುವೆ ಇರಿ. ಅಪರ್ಚರ್ ಎಫ್ 2 ಅಥವಾ 2.8. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಿಂದ ಶುರು ಮಾಡಿ, ಮುಖದ ಬೆಳಕು ನೋಡಿಕೊಂಡು ಏರಿಸಿ ಇಳಿಸಿ. ಟಿವಿ ಪ್ರಸಾರ ಇರುವ ದೊಡ್ಡ ಪಂದ್ಯಗಳಲ್ಲಿ ಕೋರ್ಟ್ ಚೆನ್ನಾಗಿ ಬೆಳಗಿರುತ್ತದೆ, 1600 ಸಾಕಾದರೂ ಸಾಕು. ಚಿಕ್ಕ ಹಾಲ್‌ಗಳಲ್ಲಿ 6400 ಬೇಕಾಗಬಹುದು. ಏರಿಸಲು ಹೆದರಬೇಡಿ. ಫೋಟೊ ಕಾಳುಕಾಳಾಗಿ ಬಂದರೆ ಆಮೇಲೆ ಸರಿಮಾಡಬಹುದು, ಮಸುಕಾದ ಮುಖವನ್ನು ದೇವರೂ ಸರಿಮಾಡಲಾರ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ತೆಗೆಯಿರಿ.

ಫ್ಲ್ಯಾಶ್ ಬೇಡವೇ ಬೇಡ. ಆಟಗಾರನ ಕಣ್ಣಿಗೆ ತೊಂದರೆ, ನಿಯಮಕ್ಕೂ ವಿರುದ್ಧ, ಕೊನೆಗೆ ನಿಮಗೂ ಉಪಯೋಗವಿಲ್ಲ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್‌ನ ಬೆಳಕು ಮುಂದಿನ ಎರಡು ಮೂರು ಸಾಲಿನ ತಲೆಗಳನ್ನು ಬೆಳಗಿ ಅಲ್ಲಿಗೇ ಸುಸ್ತಾಗುತ್ತದೆ. ಕೆಲವು ದೊಡ್ಡ ಕ್ರೀಡಾಂಗಣಗಳಲ್ಲಿ ಪರವಾನಗಿ ಇರುವ ಫೋಟೊಗ್ರಾಫರ್‌ಗಳು ಚಾವಣಿಗೇ ದೊಡ್ಡ ಫ್ಲ್ಯಾಶ್‌ಗಳನ್ನು ಕಟ್ಟಿರುತ್ತಾರೆ. ಅದು ಹೊಡೆದ ಕ್ಷಣದಲ್ಲೇ ನೀವೂ ಕ್ಲಿಕ್ ಮಾಡಿದ್ದರೆ ನಿಮ್ಮ ಒಂದು ಫ್ರೇಮ್ ಪೂರ್ತಿಯೋ ಒಂದು ಪಟ್ಟಿಯಷ್ಟೋ ಬೆಳ್ಳಗಾಗಿರುತ್ತದೆ. ಕ್ಯಾಮೆರಾ ಕೆಟ್ಟಿತೇನೋ ಅಂತ ಗಾಬರಿ ಬೇಡ.

ಗಾಬರಿ ಹುಟ್ಟಿಸುವ ಇನ್ನೊಂದು ಸಂಗತಿ ಇದೆ. ಒಂದರ ಹಿಂದೆ ಒಂದು ತೆಗೆದ ಫ್ರೇಮ್‌ಗಳಲ್ಲಿ ಒಂದು ಹಳದಿ, ಒಂದು ಮಂಕು, ಒಂದು ಸರಿ. ಕಾರಣ ದೀಪಗಳು. 50 ಹರ್ಟ್ಜ್ ಕರೆಂಟಿನಲ್ಲಿ ಕೆಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ, 60 ಹರ್ಟ್ಜ್‌ನಲ್ಲಿ 120 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ತಿಳಿಯುವುದಿಲ್ಲ, 1/1000ರ ಶಟರ್‌ಗೆ ತಿಳಿಯುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಅಂತ ಇದ್ದರೆ ಆನ್ ಮಾಡಿ. ಮಿನುಗಿನ ಅತಿ ಬೆಳಕಿನ ಗಳಿಗೆ ನೋಡಿ ಅದು ಶಟರ್ ಬಿಡುತ್ತದೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇದ್ದವರು ಮೆಕ್ಯಾನಿಕಲ್ ಶಟರ್ ಬಳಸುವುದು ಕ್ಷೇಮ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಎಲ್‌ಇಡಿ ಬೋರ್ಡುಗಳು ಫೋಟೊದಲ್ಲಿ ಪಟ್ಟಿಪಟ್ಟಿಯಾಗುವ ಸಾಧ್ಯತೆ ಜಾಸ್ತಿ.

ಬೇಗ ಹೋಗಿ

ವಾರ್ಮ್-ಅಪ್ ಅಂದರೆ ನಿಮ್ಮ ಪ್ರಯೋಗದ ಸಮಯ. ಬಾಗಿಲು ತೆರೆದ ಕೂಡಲೇ ಒಳಗಿರಿ. ಆಟ ಶುರುವಾಗುವ ಮುಂಚೆ ಕೆಳಗಿನ ಸಾಲುಗಳಿಗೆ ಹೋಗಲು ಬಿಡುವ ಕಡೆಗಳಿವೆ, ಮರ್ಯಾದೆಯಿಂದ ಕೇಳಿ ನೋಡಿ. ಬೆಳಕಿನ ಸೆಟ್ಟಿಂಗ್ ಮಾಡಿಕೊಳ್ಳಿ. ಸುಮ್ನೆ ಚೆಂಡು ಎಸೆಯುತ್ತಿರುವ ಆಟಗಾರನನ್ನು ಹಿಂಬಾಲಿಸಿ ಫೋಕಸ್ ಅಭ್ಯಾಸ ಮಾಡಿ. ಮುಖ್ಯವಾಗಿ, ನಿಮ್ಮ ಮೆಚ್ಚಿನ ಆಟಗಾರ ಬಲಗೈಯವನೋ ಎಡಗೈಯವನೋ ನೋಡಿಟ್ಟುಕೊಳ್ಳಿ. ಹಾರಿದಾಗ ಅವನ ತೋಳು ಮುಖಕ್ಕೆ ಯಾವ ಕಡೆಯಿಂದ ಅಡ್ಡ ಬರುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ.

ಫೋಕಸ್ ಕಂಟಿನ್ಯುಯಸ್ ಮೋಡ್‌ನಲ್ಲಿರಲಿ, ಓಡುವವನನ್ನು ಅದು ಬಿಡದೆ ಹಿಂಬಾಲಿಸುತ್ತದೆ. ಇಡೀ ಫ್ರೇಮಿನ ಬಿಂದುಗಳನ್ನು ಕ್ಯಾಮೆರಾ ಕೈಗೆ ಕೊಟ್ಟರೆ ಅದು ಅಂಪೈರ್‌ನನ್ನೋ ಮುಂದಿನ ಸಾಲಿನವರು ಎತ್ತಿದ ಕೈಯನ್ನೋ ಹಿಡಿದುಕೊಳ್ಳುತ್ತದೆ. ನಡುವಿನ ಒಂದು ಬಿಂದು, ಇಲ್ಲವೇ ಚಿಕ್ಕ ಗುಂಪು ಸಾಕು. ಅದನ್ನು ಎದೆಯ ನಂಬರ್ ಮೇಲೆ ಇಡಿ. ನಂಬರಿನ ಗಾಢ ಅಂಚು ಫೋಕಸ್‌ಗೆ ಸುಲಭವಾಗಿ ಸಿಗುತ್ತದೆ.

ಆಟ ಶುರು

ಮೊದಮೊದಲು ಎಲ್ಲರೂ ಚೆಂಡಿನ ಹಿಂದೆ ಓಡುತ್ತಾರೆ. ಕ್ಯಾಮೆರಾ ಚೆಂಡಿಗಿಂತ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ. ಚೆಂಡು ಎಲ್ಲಿಗೆ ಬರಲೇಬೇಕೋ ಅಲ್ಲಿ ಕಾದು ಕೂರುವುದೇ ಜಾಣತನ. ದಾಳಿ ಮಾಡುವ ತಂಡ 24 ಸೆಕೆಂಡಿನೊಳಗೆ ರಿಂಗ್‌ಗೆ ಚೆಂಡು ಎಸೆಯಬೇಕು. ಆ ಗಡಿಯಾರ ಬೋರ್ಡಿನ ಮೇಲೇ ಇರುತ್ತದೆ. ಅದು ಐದಾರಕ್ಕೆ ಇಳಿಯಿತು ಅಂದರೆ ಕಣ್ಣು ವ್ಯೂಫೈಂಡರ್‌ಗೆ ಹೋಗಲಿ, ರಿಂಗ್‌ನ ಕೆಳಗಿನ ಗುಂಪಿನ ಮೇಲೆ ಫೋಕಸ್ ಇರಲಿ. ಚೆಂಡು ಒಳಗೆ ಬೀಳಲಿ ಬಿಡಲಿ, ಆ ಗುಂಪು ಮೇಲೆ ನೋಡಿಯೇ ನೋಡುತ್ತದೆ.

ಕ್ಲಿಕ್ ಮಾಡುವುದು ಜಿಗಿತದ ತುದಿಯಲ್ಲಿ. ಇದಕ್ಕೊಂದು ಚಂದದ ಲೆಕ್ಕವಿದೆ. 70 ಸೆಂಟಿಮೀಟರ್ ಎತ್ತರಕ್ಕೆ ಹಾರಿದವನು ಗಾಳಿಯಲ್ಲಿ ಇರುವುದು ಮುಕ್ಕಾಲು ಸೆಕೆಂಡ್. ಅದರಲ್ಲಿ ಅರ್ಧದಷ್ಟು ಹೊತ್ತು ಅವನು ಆ ಎತ್ತರದ ಮೇಲಿನ ಕಾಲು ಭಾಗದಲ್ಲೇ ಇರುತ್ತಾನೆ. ಒಳ್ಳೆಯ ಆಟಗಾರರು ಗಾಳಿಯಲ್ಲಿ ತೇಲಿದಂತೆ ಕಾಣುವುದು ಇದಕ್ಕೇ. ನಮಗೂ ಲಾಭ. ತುದಿಯಲ್ಲಿ ವೇಗ ಕಡಿಮೆ, ಮಸುಕೂ ಕಡಿಮೆ. ಆದರೆ ಬೆರಳಿಗೆ ತಡ ಅನ್ನುವುದು ಇದ್ದೇ ಇದೆ. ಅವನು ಮಂಡಿ ಬಗ್ಗಿಸಿದಾಗಲೇ ಶುರು ಮಾಡಿ, ಮೂರು ನಾಲ್ಕು ಫ್ರೇಮ್ ಬಿಡಿ, ನಿಲ್ಲಿಸಿ. ಮೆಷಿನ್ ಗನ್ ಥರ ಒತ್ತಿಕೊಂಡೇ ಇದ್ದರೆ ಕ್ಯಾಮೆರಾ ಫೈಲ್ ಬರೆಯುತ್ತಾ ಕೂರುತ್ತದೆ, ಅಷ್ಟರಲ್ಲಿ ಮುಂದಿನ ಜಿಗಿತ ಮುಗಿದಿರುತ್ತದೆ.

ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಬಂದಾಗ ಎಲ್ಲರೂ ನಿಂತಿರುತ್ತಾರೆ. ಎಸೆಯಲು ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನಿಯಮದಲ್ಲಿ 10 ಸೆಕೆಂಡ್, ಫಿಬಾ (ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ 5. ಬೆಳಕು ಸರಿ ಇದೆಯಾ ಅಂತ ನೋಡಲು ಇದೇ ಹೊತ್ತು. ಎಸೆಯುವವನ ಫೋಟೊ ಒಂದು ಸಾಕು, ಎಲ್ಲವೂ ಒಂದೇ ಥರ ಬರುತ್ತವೆ. ಅವನ ಕೊನೆಯ ಎಸೆತ ತಪ್ಪಿದರೆ ಏನಾಗುತ್ತದೆ ನೋಡಿ: ಗೆರೆಯ ಎರಡೂ ಕಡೆ ಸಾಲಾಗಿ ನಿಂತವರೆಲ್ಲ ಒಟ್ಟಿಗೆ ನುಗ್ಗುತ್ತಾರೆ, ಎಲ್ಲಿಗೆ ಅಂತ ನಿಮಗೆ ಮೊದಲೇ ಗೊತ್ತು. ನನ್ನ ಒಳ್ಳೆಯ ರಿಬೌಂಡ್ ಫೋಟೊಗಳಲ್ಲಿ ಹೆಚ್ಚಿನವು ತಪ್ಪಿದ ಫ್ರೀ ಥ್ರೋಗಳಿಂದ ಬಂದವು.

ಗ್ಯಾಲರಿಗೆ ಮೀಸಲಾದ ಇನ್ನೊಂದು ಚಿತ್ರ ಕ್ವಾರ್ಟರ್‌ನ ಕೊನೆಯ ಸೆಕೆಂಡಿನದು. ಸಮಯ ಮುಗಿದ ಕೂಡಲೇ ಬೋರ್ಡಿನ ಅಂಚಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೂ ಮುಂಚೆ ಕೈ ಬಿಟ್ಟ ಚೆಂಡು ಒಳಗೆ ಬಿದ್ದರೆ ಅಂಕ ಉಂಟು. ಇಲ್ಲಿ ಹತ್ತಿರಕ್ಕೆ ಹೋಗಬೇಡಿ. ಅಗಲದ ಲೆನ್ಸ್ ಹಾಕಿ, ಇಲ್ಲವೇ ಫೋನ್ ತೆಗೆಯಿರಿ. ಗಾಳಿಯಲ್ಲಿ ಚೆಂಡು, ಕೆಂಪಾದ ಬೋರ್ಡು, ಅದರ ಹಿಂದೆ ಅರ್ಧ ಎದ್ದು ಅರ್ಧ ಕೂತ ಎದುರಿನ ಗ್ಯಾಲರಿ. ಫೋನಿನಲ್ಲಿ 1ಎಕ್ಸ್ ಕ್ಯಾಮೆರಾವನ್ನೇ ಬಳಸಿ, ಸಾಮಾನ್ಯವಾಗಿ ಜಾಸ್ತಿ ಬೆಳಕು ಹಿಡಿಯುವುದು ಅದೇ. ಕೋರ್ಟ್ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿಕೊಳ್ಳಿ.

ಪಕ್ಕದವರೂ ದುಡ್ಡು ಕೊಟ್ಟು ಬಂದವರು. ಎದ್ದು ನಿಲ್ಲಬೇಡಿ. ಫೋಕಸ್‌ಗೆ ಉರಿಯುವ ಪುಟ್ಟ ದೀಪ, ಬೀಪ್ ಸದ್ದು ಎರಡನ್ನೂ ಆಫ್ ಮಾಡಿ. ತೆಗೆದ ಪ್ರತಿ ಫೋಟೊವನ್ನು ಪರದೆಯಲ್ಲಿ ನೋಡುವ ಚಟವನ್ನು ಟೈಮ್‌ಔಟ್‌ವರೆಗೆ ತಡೆದುಕೊಳ್ಳಿ. ನಾನು ಹಾಗೆ ನೋಡುತ್ತಾ ಕೂತಿದ್ದಾಗಲೇ ಒಂದು ಪಂದ್ಯದ ಗೆಲುವಿನ ಎಸೆತ ಬಿತ್ತು. ಸುತ್ತ ಎಲ್ಲರೂ ಕುಣಿಯುತ್ತಿದ್ದರು, ನಾನು ಯಾರು ಎಸೆದಿದ್ದು ಅಂತ ಕೇಳುತ್ತಿದ್ದೆ.

ಮನೆಗೆ ಬಂದ ಮೇಲೆ

ಪ್ರತಿ ಕ್ವಾರ್ಟರ್ ಮುಗಿದಾಗ ಸ್ಕೋರ್‌ಬೋರ್ಡ್‌ನದ್ದೊಂದು ಫೋಟೊ ತೆಗೆದಿಟ್ಟಿದ್ದರೆ ಯಾವ ಚಿತ್ರ ಯಾವಾಗಿನದು ಅಂತ ಹುಡುಕಾಡಬೇಕಿಲ್ಲ. ಬಣ್ಣ ಹಳದಿಗಟ್ಟಿದ್ದರೆ ಬಿಳಿ ಜೆರ್ಸಿಯನ್ನೋ ಬಲೆಯನ್ನೋ ಆಧಾರ ಇಟ್ಟುಕೊಂಡು ವೈಟ್ ಬ್ಯಾಲೆನ್ಸ್ ಸರಿಮಾಡಿ. ಒಂದು ಚಿತ್ರಕ್ಕೆ ಮಾಡಿದ್ದನ್ನೇ ಎಲ್ಲಕ್ಕೂ ಹಾಕಬಹುದು. ಫ್ರೇಮ್ ವಾಲಿದ್ದರೆ ಬೋರ್ಡಿನ ನೆಟ್ಟಗಿನ ಅಂಚಿಗೆ ಹೊಂದಿಸಿ ನೇರ ಮಾಡಿ. ಮೂಲೆಯ ಸೀಟಿನಿಂದ ನೆಲದ ಗೆರೆಗಳು ಓರೆಯಾಗಿಯೇ ಕಾಣುತ್ತವೆ, ಅವನ್ನು ನಂಬಬೇಡಿ. ಧಾರಾಳವಾಗಿ ಕ್ರಾಪ್ ಮಾಡಿ. ಆದರೆ ಚೆಂಡನ್ನು ಕತ್ತರಿಸಬೇಡಿ. ಮಾರುವ ಯೋಚನೆ ಇದ್ದರೆ ಟಿಕೆಟ್ಟಿನ ಷರತ್ತು ಮೊದಲು ಓದಿ, ಸ್ವಂತಕ್ಕೆ ಮಾತ್ರ ಅಂತ ಅಲ್ಲಿ ಬರೆದಿರುವುದುಂಟು.

ಆಮೇಲೆ ಅಳಿಸುವ ಕೆಲಸ. ರಿಬೌಂಡ್ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ಕಣ್ಣು ಎಣಿಸಿ. ನನ್ನ ಲೆಕ್ಕದಲ್ಲಿ ಮೂರು ಜೋಡಿ ಕಂಡರೆ ಉಳಿಯುತ್ತದೆ. ಒಂದೇ ಜೋಡಿ ಇದ್ದರೆ, ಅದು ಚೆಂಡು ಸಿಕ್ಕವನದ್ದಾಗಿದ್ದರೆ ಮಾತ್ರ.